ದೂರದವನಿಗೆ ಜಾಸ್ತಿ ಪವರ್, ಹತ್ತಿರದವನಿಗೆ ಜಾಸ್ತಿ ಸ್ಪೀಡ್? ನೋಮಾ ತಲೆಗೆ ಹೋಗ್ತಿಲ್ಲ

ಮಂಡಿ ಹುಡುಗಿ, ಕೋಲಾರ:
ಇಸಿ (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್) ಕೊನೇ ವರ್ಷ. ಸೋಮವಾರ ಸೆಮಿನಾರ್, ವಿಷಯ ನೋಮಾ (ನಾನ್-ಆರ್ಥೋಗನಲ್ ಮಲ್ಟಿಪಲ್ ಆಕ್ಸೆಸ್), ಅಂದರೆ ಒಂದು ಟವರ್ ಹಲವು ಫೋನುಗಳಿಗೆ ಸಿಗ್ನಲ್ ಹಂಚೋ ಒಂದು ವಿಧಾನ. ಅದರ ಹಿಂದಿನದೆಲ್ಲ ಗೊತ್ತಿದೆ. 1ಜಿಯಲ್ಲಿ ಫ್ರೀಕ್ವೆನ್ಸಿ ಹಂಚಿದರು. 2ಜಿಯ ಜಿಎಸ್‌ಎಂನಲ್ಲಿ 200 ಕಿಲೋಹರ್ಟ್ಸ್ ಚಾನೆಲ್ಲನ್ನು 8 ಟೈಮ್ ಸ್ಲಾಟ್ ಮಾಡಿದರು. 4ಜಿ, 5ಜಿಯಲ್ಲಿ ಸಣ್ಣ ಸಣ್ಣ ಸಬ್‌ಕ್ಯಾರಿಯರ್ (ಫ್ರೀಕ್ವೆನ್ಸಿಯ ಕಿರಿದಾದ ತುಂಡು) ಕೊಡುತ್ತಾರೆ. ಇವೆಲ್ಲದರಲ್ಲೂ ನಿಂದು ನಿಂಗೆ, ನಂದು ನಂಗೆ. ನೋಮಾದಲ್ಲಿ ಹಾಗಲ್ಲ, ಇಬ್ಬರಿಗೂ ಒಂದೇ ಫ್ರೀಕ್ವೆನ್ಸಿ, ಒಂದೇ ಸಮಯ. ಪವರ್ ಮಾತ್ರ ಬೇರೆ, ಅದೂ ಟವರಿನಿಂದ ದೂರ ಇರೋನಿಗೇ ಜಾಸ್ತಿ! ಕಲಸಿದ ಮೇಲೆ ಬಿಡಿಸೋದು ಹೇಗೆ? ಗೈಡ್ ಸರ್‌ನ ಕೇಳಿದರೆ "ಎಸ್‌ಐಸಿ ಅಂತ ಬರಿಯಮ್ಮ" ಅಂದರು, ಅಷ್ಟೇ.

ಹಳೇ ಡ್ರೈವ್ ಟೆಸ್ಟ್, ಬಂಗಾರಪೇಟೆ:
ಮಂಡಿಯವರ ಮಗಳಾ? ಹಾಗಾದರೆ ಸುಲಭ. ಬೆಳಿಗ್ಗೆ ಟೊಮೆಟೊ ಹರಾಜು ನೆನಪು ಮಾಡಿಕೊಳ್ಳಿ. ಅಪ್ಪ "ಮುನ್ನೂರ ಹತ್ತು, ಮುನ್ನೂರ ಹತ್ತು" ಅಂತ ಕೂಗುತ್ತಾರೆ. ಅದೇ ಹೊತ್ತಿಗೆ ಪಕ್ಕದ ಹುಡುಗ ರೈಟರ್‌ಗೆ (ಲೆಕ್ಕ ಬರೆಯೋನಿಗೆ) ಮೆಲ್ಲಗೆ "40 ಬಾಕ್ಸು" ಅನ್ನುತ್ತಾನೆ. ಲಾರಿ ಹತ್ತಿರ ನಿಂತ ವ್ಯಾಪಾರಿಗೆ ಕೂಗು ಮಾತ್ರ ಕೇಳಿಸುತ್ತೆ, ಹುಡುಗನ ಮಾತು ಅವನಿಗೆ ಸುಮ್ನೆ ಗಲಾಟೆ. ರೈಟರ್‌ಗೆ ಎರಡೂ ಕಿವಿಗೆ ಬೀಳುತ್ತೆ. ಕೂಗು ಏನು ಅಂತ ಮೊದಲು ಗೊತ್ತಾಗುತ್ತೆ, ಅದನ್ನು ಕಳೆದುಬಿಡುತ್ತಾನೆ, ಉಳಿದಿದ್ದು ಅವನ ಮಾತು. ಎಸ್‌ಐಸಿ (ಸಕ್ಸೆಸಿವ್ ಇಂಟರ್‌ಫಿಯರೆನ್ಸ್ ಕ್ಯಾನ್ಸಲೇಶನ್, ಅಡ್ಡಿಯನ್ನು ಒಂದೊಂದಾಗಿ ಕಳೆಯೋದು) ಅಂದರೆ ಇದೇ. ಟವರಿನಲ್ಲಿ ಎರಡೂ ಒಂದೇ ಬಾಯಿಂದ ಬರುತ್ತೆ, ಅಷ್ಟೇ ವ್ಯತ್ಯಾಸ.

ಈಗ ಲೆಕ್ಕ. ಹತ್ತಿರದವನ ಸಿಗ್ನಲ್ ನಾಯ್ಸ್‌ಗಿಂತ (ಹಿನ್ನೆಲೆ ಗದ್ದಲಕ್ಕಿಂತ) 100 ಪಟ್ಟು, ದೂರದವನದು ನಾಯ್ಸ್‌ನಷ್ಟೇ ಅಂದುಕೊಳ್ಳಿ. ಬ್ಯಾಂಡನ್ನು ಅರ್ಧರ್ಧ ಹಂಚಿದರೆ ಒಂದು ಹರ್ಟ್ಸ್‌ಗೆ, ಸೆಕೆಂಡಿಗೆ ಹತ್ತಿರದವನಿಗೆ 3.33 ಬಿಟ್, ದೂರದವನಿಗೆ 0.5 ಬಿಟ್. ನೋಮಾದಲ್ಲಿ ದೂರದವನಿಗೆ 80 ಪರ್ಸೆಂಟ್ ಪವರ್, ಹತ್ತಿರದವನಿಗೆ 20 ಕೊಟ್ಟು ನೋಡಿ: ಹತ್ತಿರದವನಿಗೆ 4.39, ದೂರದವನಿಗೆ 0.74. ಇಬ್ಬರಿಗೂ ಲಾಭ! ಹತ್ತಿರದವನಿಗೆ ಪವರ್ ಕಡಿಮೆ, ಆದರೆ ಪೂರ್ತಿ ಬ್ಯಾಂಡ್ ಸಿಕ್ಕಿತು, ಕೂಗು ಕಳೆದ ಮೇಲೆ ಅಡ್ಡಿಯೂ ಇಲ್ಲ. ಇಬ್ಬರೂ ಟವರ್ ಬುಡದಲ್ಲೇ ಇದ್ದು ಇಬ್ಬರದೂ ನಾಯ್ಸ್‌ನ 100 ಪಟ್ಟು ಆದರೆ? ಹೇಗೆ ಹಂಚಿದರೂ ಒಟ್ಟು 6.66. ಲಾಭ ಸೊನ್ನೆ.

ನಾನು ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು ಶ್ರೀನಿವಾಸಪುರ ರಸ್ತೆಯಲ್ಲಿ ಸಿಗ್ನಲ್ ಅಳೆಯುತ್ತಾ ಸುತ್ತುತ್ತಿದ್ದ ಕಾಲದಲ್ಲಿ ಈ ಹತ್ತಿರ-ದೂರವೇ ದೊಡ್ಡ ತಲೆನೋವು. 3ಜಿಯಲ್ಲಿ ಟವರ್ ಪಕ್ಕದವನ ಫೋನ್ ಜೋರಾದರೆ ದೂರದವನದು ಮುಳುಗಿಹೋಗುತ್ತಿತ್ತು. ಅದಕ್ಕೇ ಟವರ್ ಸೆಕೆಂಡಿಗೆ 1500 ಸಲ ಫೋನಿಗೆ "ಏರಿಸು, ಇಳಿಸು" ಅನ್ನುತ್ತಿತ್ತು. ಅದೇ ತಲೆನೋವು ಇಲ್ಲಿ ಬಂಡವಾಳ.

ಆಂಟೆನಾ ಪ್ರಿಯ, ಮಾಲೂರು:
ಹಳೇ ಡ್ರೈವ್ ಟೆಸ್ಟ್ ಅಣ್ಣ, ಲಾಭದ ಕಡೆ ಮಾತ್ರ ಹೇಳಿದಿರಿ. ಇಷ್ಟು ಒಳ್ಳೇದಾಗಿದ್ದರೆ 5ಜಿಯಲ್ಲಿ ಯಾಕೆ ಬರಲಿಲ್ಲ? ಮೊಬೈಲ್ ಸ್ಟ್ಯಾಂಡರ್ಡ್ ಮಾಡೋ 3ಜಿಪಿಪಿ ಇದನ್ನು ಅಧ್ಯಯನ ಮಾಡಿ 2018ರ ಕೊನೆಗೆ ಅಲ್ಲಿಗೇ ಬಿಟ್ಟಿತು. ಟವರಿನಲ್ಲಿ 64 ಆಂಟೆನಾ ಇದ್ದರೆ ಒಬ್ಬೊಬ್ಬರ ಕಡೆ ಬೇರೆ ಬೇರೆ ಬೀಮ್ ತಿರುಗಿಸಬಹುದು, ಫೋನಿಗೆ ಕಳೆಯೋ ಕೆಲಸವೇ ಬೇಡ. 6ಜಿ ಪೇಪರ್‌ಗಳಲ್ಲಿ ಈಗ ಆರ್‌ಎಸ್‌ಎಂಎ (ರೇಟ್-ಸ್ಪ್ಲಿಟಿಂಗ್ ಮಲ್ಟಿಪಲ್ ಆಕ್ಸೆಸ್) ಜಾಸ್ತಿ ಕಾಣುತ್ತೆ. ಮೆಸೇಜನ್ನು ಒಡೆದು, ಒಂದು ಭಾಗವನ್ನು ಇಬ್ಬರೂ ಬಿಡಿಸೋ ಹಾಗೆ, ಉಳಿದಿದ್ದನ್ನು ಅವರವರಿಗೆ ಮಾತ್ರ ಕಳಿಸೋದು. ನನ್ನ ಓಟು ಅದಕ್ಕೆ.

ಮಂಡಿ ಹುಡುಗಿ, ಕೋಲಾರ:
ಅಪ್ಪನಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಕೇಳಿದರು: "ರೈಟರ್‌ಗೆ ನನ್ನ ಕೂಗೇ ತಪ್ಪಾಗಿ ಕೇಳಿಸಿದರೆ?"

ಹಳೇ ಡ್ರೈವ್ ಟೆಸ್ಟ್, ಬಂಗಾರಪೇಟೆ:
ಎರರ್ ಪ್ರೊಪಗೇಶನ್! ಮುನ್ನೂರ ಹತ್ತನ್ನು ಇನ್ನೂರ ಹತ್ತು ಅಂತ ಕೇಳಿಸಿಕೊಂಡರೆ ಕಳೆಯೋದೂ ತಪ್ಪನ್ನೇ. ಆಮೇಲೆ 40 ಬಾಕ್ಸೂ ಸರಿಯಾಗಿ ಸಿಗಲ್ಲ. ಮಾಲೂರಿನವರ ಮಾತಿನ ಜೊತೆ ಇದನ್ನೂ ಒಂದು ಸ್ಲೈಡ್ ಮಾಡಿ. ಪ್ರಶ್ನೆ ಅಪ್ಪಂದು ಅಂತ ಹಾಕೋದು ಮರೀಬೇಡಿ.