ಹಳೇ ಡೆಸ್ಕ್‌ಟಾಪ್‌ಗೆ 4 ಜಿಬಿ ರ‍್ಯಾಮ್ ಹಿಡಿಯುತ್ತಿಲ್ಲ, ಮದರ್‌ಬೋರ್ಡೇ ಬದಲಿಸಬೇಕಾ?

ಗಂಗಾವತಿ_ಲೆಕ್ಕದವಳು

ಎಲ್ಲರಿಗೂ ನಮಸ್ಕಾರ. ನಾನು ಗಂಗಾವತಿಯಲ್ಲಿ ಮನೆಯಲ್ಲೇ ಕೂತು ಎರಡು ದಲಾಲಿ ಅಂಗಡಿಗಳ ಲೆಕ್ಕ ಬರೆಯುತ್ತೇನೆ. ಹಳೇ ಟ್ಯಾಲಿ, ಎಕ್ಸೆಲ್, ನಡುನಡುವೆ ನುಡಿಯಲ್ಲಿ ಒಂದೆರಡು ಪತ್ರ. ಇಷ್ಟೇ ಕೆಲಸ. ಆಟ ಗೀಟ ಏನೂ ಇಲ್ಲ.

ಕಂಪ್ಯೂಟರ್ ಹಳೆಯದು. ಪೆಂಟಿಯಂ ಡ್ಯುಯಲ್ ಕೋರ್, 2 ಜಿಬಿ ರ‍್ಯಾಮ್, ವಿಂಡೋಸ್ 7. ಟ್ಯಾಲಿ ಮತ್ತು ಎಕ್ಸೆಲ್ ಒಟ್ಟಿಗೆ ತೆರೆದು, ಮೇಲೆ ಕ್ರೋಮ್ ಕೂಡ ತೆರೆದರೆ ಮುಗಿಯಿತು. ಮೌಸ್ ಒಂದು ಕಡೆ, ಬಾಣ ಇನ್ನೊಂದು ಕಡೆ. ಟಾಸ್ಕ್ ಮ್ಯಾನೇಜರ್ ಕೆಳಗೆ ಫಿಸಿಕಲ್ ಮೆಮೊರಿ 94 ಪರ್ಸೆಂಟ್ ಅಂತ ತೋರಿಸುತ್ತದೆ. ಸುಗ್ಗಿಯಲ್ಲಿ ಭತ್ತದ ಲಾರಿ ಬಂದು ನಿಂತಿರುತ್ತವೆ, ಅಂಗಡಿಯವರು ಫೋನಿನಲ್ಲಿ "ಪಟ್ಟಿ ಆಯ್ತೇನ್ರೀ" ಅಂತ ಕೇಳುತ್ತಿರುತ್ತಾರೆ, ಇದು ಮಾತ್ರ ಗಿರಗಿರ ತಿರುಗುತ್ತಿರುತ್ತದೆ.

ಊರಿನ ಒಂದು ಅಂಗಡಿಗೆ ಒಯ್ದೆ. ಅವರು ಹೊಸ 4 ಜಿಬಿ ರ‍್ಯಾಮ್ ಹಾಕಿ ನೋಡಿದರು. ಬೀಪ್ ಬೀಪ್ ಅಂತ ಕೂಗಿತು, ಪರದೆ ಕಪ್ಪು. "ನಿಮ್ಮ ಬೋರ್ಡಿನ ಸ್ಲಾಟ್ ಹೋಗಿದೆ, ಬೋರ್ಡ್, ಪ್ರೊಸೆಸರ್, ರ‍್ಯಾಮ್ ಮೂರೂ ಸೇರಿ ಎಂಟು ಸಾವಿರ" ಅಂದರು. ಹಳೇ ರ‍್ಯಾಮ್ ವಾಪಸ್ ಹಾಕಿದರೆ ಮಾತ್ರ ಎಂದಿನಂತೆ ಓಡುತ್ತಿದೆ. ಸ್ಲಾಟ್ ಹೋಗಿದ್ದರೆ ಇದು ಹೇಗೆ ಓಡುತ್ತದೆ? ಗೊತ್ತಿದ್ದವರು ಹೇಳಿ.

ಬಳ್ಳಾರಿ_ಹುಡುಗ

ಅಕ್ಕ, ರ‍್ಯಾಮ್ ಬಿಡಿ, ಹಳೇ ಹಾರ್ಡ್ ಡಿಸ್ಕ್ ಬದಲು ವೇಗದ ಎಸ್‌ಎಸ್‌ಡಿ ಡಿಸ್ಕ್ ಹಾಕಿಸಿ. ನಮ್ಮ ಮನೆಯ ಹಳೇ ಪಿಸಿಗೆ ಅದನ್ನೇ ಹಾಕಿಸಿದೆವು, ಆನ್ ಆಗುವುದು ಗೊತ್ತೇ ಆಗಲ್ಲ.

ಶಕ್ತಿನಗರ_ರಿಪೇರಿ

ಎಸ್‌ಎಸ್‌ಡಿ ಒಳ್ಳೆಯದೇ ತಮ್ಮಾ, ಆದರೆ ಮೆಮೊರಿ 94 ತೋರಿಸುತ್ತಿದೆ ಅಂದರೆ ಅವರಿಗೆ ಮೊದಲು ಬೇಕಾದದ್ದು ರ‍್ಯಾಮೇ. ಸಾಕಾಗದ ರ‍್ಯಾಮಿನ ಕೆಲಸವನ್ನು ಡಿಸ್ಕ್ ಮೇಲೆ ಹಾಕಿದರೆ ಎಸ್‌ಎಸ್‌ಡಿಯಾದರೂ ಎಷ್ಟು ಹೊರುತ್ತದೆ.

ಅಕ್ಕ, ಒಂದು ಕೆಲಸ ಮಾಡಿ. ಕರೆಂಟ್ ವೈರ್ ಪೂರ್ತಿ ಕಿತ್ತು, ಪವರ್ ಬಟನ್ ಒಂದು ಸಲ ಒತ್ತಿ ಬಿಡಿ. ಆಮೇಲೆ ಸಿಪಿಯು ಪಕ್ಕದ ಬಾಗಿಲು ತೆಗೆಯಿರಿ. ಒಳಗೆ ಕೈ ಹಾಕುವ ಮೊದಲು ಕ್ಯಾಬಿನೆಟ್‌ನ ತಗಡು ಮುಟ್ಟಿ. ನಮ್ಮ ಕಡೆಯ ಒಣ ಹವೆಗೆ ಮೈಯಲ್ಲಿ ಸ್ಟ್ಯಾಟಿಕ್ ಕರೆಂಟ್ ಜಾಸ್ತಿ. ಬೋರ್ಡಿನ ಮೇಲೆ ಏನು ಬರೆದಿದೆ, ರ‍್ಯಾಮಿನ ಚೀಟಿಯಲ್ಲಿ ಏನಿದೆ, ಎರಡನ್ನೂ ಓದಿ ಹೇಳಿ. ಅಂಗಡಿಯವರು ಹಾಕಿ ನೋಡಿದ ಹೊಸ ರ‍್ಯಾಮ್‌ಗೆ ಎಷ್ಟು ಚಿಪ್ ಇತ್ತು, ನೆನಪಿದೆಯಾ?

ಗಂಗಾವತಿ_ಲೆಕ್ಕದವಳು

ಬಾಗಿಲು ತೆಗೆದೆ. ಅಬ್ಬಾ! ನಮ್ಮ ಓಣಿಯ ಹಿಂದೆಯೇ ರೈಸ್ ಮಿಲ್ ಇದೆ. ಹೊಟ್ಟು ಸುಟ್ಟ ಬೂದಿ ಫ್ಯಾನಿನ ಮೇಲೆ ಕರೀ ಪದರ ಕಟ್ಟಿದೆ. ಬ್ರಷ್ ತಗೊಂಡು ಒರೆಸಿದೆ.

ಬೋರ್ಡಿನ ಮೇಲೆ ಜಿ41 ಅಂತ ಇದೆ. ರ‍್ಯಾಮ್ ಹಾಕುವ ಜಾಗ ಎರಡು, ಒಂದು ಖಾಲಿ. ಚೀಟಿಯಲ್ಲಿ 2 ಜಿಬಿ, 2ಆರ್‌ಎಕ್ಸ್8, ಪಿಸಿ3-10600ಯು ಅಂತ ಇದೆ. ಎರಡೂ ಬದಿಗೆ ಎಂಟೆಂಟು ಕರಿ ಚಿಪ್. ಅಂಗಡಿಯ ರ‍್ಯಾಮ್‌ಗೆ ಒಂದೇ ಬದಿಗೆ ಚಿಪ್ ಇದ್ದವು, ಹಿಂದೆ ಬೋಳು. ಅದು ಚೆನ್ನಾಗಿ ನೆನಪಿದೆ. "ಇದು ಅರ್ಧ ಆಗಿದೆಯಲ್ಲ" ಅಂತ ನಾನೇ ಕೇಳಿದ್ದೆ, ಅವರು ನಕ್ಕರು.

ಶಕ್ತಿನಗರ_ರಿಪೇರಿ

ನೀವು ಕೇಳಿದ್ದೇ ಸರಿಯಾದ ಪ್ರಶ್ನೆ ಅಕ್ಕ! ಸ್ಲಾಟಿಗೆ ಏನೂ ಆಗಿಲ್ಲ ಅಂತಲೇ ನನ್ನ ಅಂದಾಜು. ಎಂಟು ಸಾವಿರ ಇಟ್ಟುಕೊಳ್ಳಿ.

ವಿಷಯ ಇಷ್ಟು. 4 ಜಿಬಿ ರ‍್ಯಾಮನ್ನು ಎರಡು ರೀತಿ ಮಾಡುತ್ತಾರೆ. ಹಳೆಯದರಲ್ಲಿ 16 ಚಿಪ್, ಒಂದೊಂದೂ 2 ಗಿಗಾಬಿಟ್. ಆಮೇಲೆ ಬಂದದ್ದರಲ್ಲಿ 8 ಚಿಪ್, ಒಂದೊಂದೂ 4 ಗಿಗಾಬಿಟ್. ಲೆಕ್ಕ ಬರೆಯುವವರು ನೀವು, ಗುಣಿಸಿ ನೋಡಿ: ಎರಡೂ 32 ಗಿಗಾಬಿಟ್. 8 ಗಿಗಾಬಿಟ್‌ಗೆ 1 ಜಿಬಿ, ಅಂದರೆ 4 ಜಿಬಿ. ಆದರೆ ನಿಮ್ಮ ಬೋರ್ಡಿನ ಮುಖ್ಯ ಚಿಪ್, ಅಂದರೆ ಚಿಪ್‌ಸೆಟ್, ಜಿ41. ಅದಕ್ಕೆ 4 ಗಿಗಾಬಿಟ್ ಚಿಪ್ಪಿನ ಜೊತೆ ಮಾತಾಡಲು ಬರುವುದಿಲ್ಲ. ಆ ಕಾಲದಲ್ಲಿ ಮೆಮೊರಿ ನೋಡಿಕೊಳ್ಳುವ ಭಾಗ ಪ್ರೊಸೆಸರ್‌ನೊಳಗೆ ಇರಲಿಲ್ಲ, ಬೋರ್ಡಿನ ಚಿಪ್‌ಸೆಟ್‌ನಲ್ಲೇ ಇತ್ತು. ಹಾಗಾಗಿ ಪ್ರೊಸೆಸರ್ ಬದಲಿಸಿದರೂ ಉಪಯೋಗ ಇಲ್ಲ. ಎಚ್61 ಬೋರ್ಡ್ ಬರುವ ಹೊತ್ತಿಗೆ ಈ ತೊಂದರೆ ಹೋಯಿತು. ಈಗಿನ ಹುಡುಗರು ಅಲ್ಲಿಂದ ಈಚಿನದನ್ನೇ ಜಾಸ್ತಿ ನೋಡಿರುತ್ತಾರೆ, ಹೀಗಾಗಿ ಬೀಪ್ ಕೇಳಿದ ಕೂಡಲೇ ಬೋರ್ಡ್ ಸತ್ತಿದೆ ಅಂತಾರೆ.

ಕೊಳ್ಳುವಾಗ ಚೀಟಿ ಓದಿ. 4 ಜಿಬಿ, 2ಆರ್‌ಎಕ್ಸ್8 ಅಂತ ಇರಬೇಕು, ಅದು 16 ಚಿಪ್ಪಿನದು. 1ಆರ್‌ಎಕ್ಸ್8 ಇದ್ದರೆ 8 ಚಿಪ್ಪಿನದು, ಬೇಡ. ಪಿಸಿ3 ಅಂತ ಶುರುವಾಗುವ ನಂಬರಿನ ಕೊನೆಯಲ್ಲಿ ಯು ಇರಲಿ. ಆರ್ ಇದ್ದರೆ ಅದು ಸರ್ವರ್‌ನದು. ಬಹಳ ಅಗ್ಗಕ್ಕೆ ಸಿಗುತ್ತದೆ, ಸ್ಲಾಟಿಗೂ ಕೂರುತ್ತದೆ, ಆದರೆ ಓಡುವುದಿಲ್ಲ. ಆನ್‌ಲೈನ್‌ನಲ್ಲಿ "ಎಎಂಡಿಗೆ ಮಾತ್ರ" ಅಂತ ಸಣ್ಣ ಅಕ್ಷರದಲ್ಲಿ ಬರೆದಿರುವವೂ ಇವೆ. ಅವಕ್ಕೂ 16 ಚಿಪ್ ಇರುತ್ತವೆ, ನಿಮ್ಮ ಇಂಟೆಲ್ ಬೋರ್ಡಿಗೆ ಆಗಲ್ಲ. ಬರೀ ಚಿಪ್ ಎಣಿಸಿ ದುಡ್ಡು ಕೊಡಬೇಡಿ. ವೇಗ 1333 ಇರಲಿ 1600 ಇರಲಿ, ತಲೆ ಕೆಡಿಸಿಕೊಳ್ಳಬೇಡಿ, ಬೋರ್ಡ್ ತನಗೆ ಬೇಕಾದಷ್ಟಕ್ಕೆ ಇಳಿಸಿಕೊಳ್ಳುತ್ತದೆ.

ಹೊಸದು ಹುಡುಕುತ್ತಾ ಕೂರಬೇಡಿ, ಇಂಥ ರ‍್ಯಾಮ್ ಈಗ ಸೆಕೆಂಡ್ ಹ್ಯಾಂಡ್‌ನಲ್ಲೇ ಸುಲಭ. ಹಾಕುವ ಮೊದಲು ಅದರ ಬಂಗಾರದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಊದಿ. ನಿಮ್ಮ ಮಿಲ್ಲಿನ ಬೂದಿ ಇದ್ದಂತೆ ನಮಗೆ ಇಲ್ಲಿ ಥರ್ಮಲ್ ಸ್ಟೇಷನ್ನಿನ ಬೂದಿ. ನನ್ನ ಕಡೆ ಬರುವ "ಸತ್ತ" ಕಂಪ್ಯೂಟರ್‌ಗಳಲ್ಲಿ ಎಷ್ಟೋ ರಬ್ಬರಿಗೇ ಎದ್ದು ಕೂರುತ್ತವೆ.

ಕೊಪ್ಪಳ_ಮೇಷ್ಟ್ರು

ರಿಪೇರಿಯವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ತಂಗಿ, ನಿಮ್ಮ ವಿಂಡೋಸ್ 32 ಬಿಟ್ಟಾ, 64 ಬಿಟ್ಟಾ? ಕಂಪ್ಯೂಟರ್ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ. 32 ಆಗಿದ್ದರೆ ಎಷ್ಟೇ ಹಾಕಿದರೂ ಮೂರೂಕಾಲು ಜಿಬಿ ಆಸುಪಾಸಿಗೆ ನಿಲ್ಲುತ್ತದೆ. ಉಳಿದದ್ದು ಸುಮ್ನೆ ಬಿದ್ದಿರುತ್ತದೆ.

ಗಂಗಾವತಿ_ಲೆಕ್ಕದವಳು

32 ಬಿಟ್ ಸರ್. 64 ಮಾಡಿಸಲೇಬೇಕಾ? ಟ್ಯಾಲಿ ಡೇಟಾ ಎಲ್ಲಾ ಅದರಲ್ಲೇ ಇದೆ, ಮುಟ್ಟಲು ಭಯ.

ಶಕ್ತಿನಗರ_ರಿಪೇರಿ

ಮೇಷ್ಟ್ರು ಒಳ್ಳೆಯ ಮಾತು ಎತ್ತಿದರು. ಹಾಗಾದರೆ ನನ್ನ ಸಲಹೆ ಬದಲಾಯಿತು. 4 ಜಿಬಿ ಹುಡುಕಬೇಡಿ. ಈಗಿರುವಂಥದ್ದೇ ಇನ್ನೊಂದು 2 ಜಿಬಿ ತಂದು ಖಾಲಿ ಸ್ಲಾಟಿಗೆ ಹಾಕಿ. ಒಟ್ಟು 4 ಆಗುತ್ತದೆ, ವಿಂಡೋಸ್ ಮೂರಕ್ಕಿಂತ ಸ್ವಲ್ಪ ಮೇಲೆ ಬಳಸುತ್ತದೆ. 2 ಜಿಬಿಯಲ್ಲಿ ಆ ಚಿಪ್ಪಿನ ತಕರಾರೂ ಕಮ್ಮಿ. ನಿಮ್ಮ ಕೆಲಸಕ್ಕೆ ಅಷ್ಟು ಸಾಕು. ಹಾಕಿದ ಮೇಲೆ ಸ್ಟಾರ್ಟ್‌ನಲ್ಲಿ ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ಹುಡುಕಿ ಒಂದು ಸಲ ಓಡಿಸಿ. ಸೆಕೆಂಡ್ ಹ್ಯಾಂಡ್ ಮಾಲು, ನಂಬಬಾರದು.

64 ಬಿಟ್ ಬೇಕೆಂದರೆ ಇದರ ಮೇಲೇ ಅಪ್‌ಗ್ರೇಡ್ ಆಗಲ್ಲ, ಹೊಸದಾಗಿ ಹಾಕಬೇಕು. ಪ್ರಿಂಟರ್‌ಗೂ 64 ಬಿಟ್ ಡ್ರೈವರ್ ಬೇಕು. ಸುಗ್ಗಿ ನಡುವೆ ಯಾಕೆ ಆ ರಗಳೆ?

ಕೊಪ್ಪಳ_ಮೇಷ್ಟ್ರು

ಅದು ಸರಿ. ಆದರೆ ಬ್ಯಾಂಕಿನ ಕೆಲಸ ಇದರಲ್ಲಿ ಮಾಡಬೇಡಿ ತಂಗಿ. ವಿಂಡೋಸ್ 7ಗೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿಗೇ ಮುಗಿದಿದೆ. ಕ್ರೋಮ್ ಕೂಡ ಅದರಲ್ಲಿ 109ನೇ ಆವೃತ್ತಿಗೆ ನಿಂತುಬಿಟ್ಟಿದೆ. ದುಡ್ಡಿನ ವ್ಯವಹಾರ ಫೋನಿನಲ್ಲಿ ಮಾಡಿ. ಟ್ಯಾಲಿ ಡೇಟಾ ಫೋಲ್ಡರನ್ನು ಇವತ್ತೇ ಪೆನ್‌ಡ್ರೈವ್‌ಗೆ ಕಾಪಿ ಮಾಡಿಡಿ, ರ‍್ಯಾಮ್ ಹಾಕುವ ಮೊದಲೇ.

ಗಂಗಾವತಿ_ಲೆಕ್ಕದವಳು

ಕಾಪಿ ಆಯಿತು ಸರ್. ಪಕ್ಕದ ಮನೆಯವರ ಕೆಟ್ಟ ಕಂಪ್ಯೂಟರಿನಲ್ಲಿ 2 ಜಿಬಿ ರ‍್ಯಾಮ್ ಸಿಕ್ಕಿತು, ದುಡ್ಡು ಬೇಡ ಅಂದರು. ಚೀಟಿಯಲ್ಲಿ ಪಿಸಿ2-6400ಯು ಅಂತ ಇದೆ. ಉದ್ದ ಸಮ ಇದೆ, ಆದರೆ ಸ್ಲಾಟಿಗೆ ಸರಿಯಾಗಿ ಕೂರುತ್ತಿಲ್ಲ. ಸ್ವಲ್ಪ ಒತ್ತಲಾ?

ಶಕ್ತಿನಗರ_ರಿಪೇರಿ

ಒತ್ತಬೇಡಿ ಅಕ್ಕ! ಅದು ಡಿಡಿಆರ್2, ಹಿಂದಿನ ತಲೆಮಾರಿನದು. ನಿಮ್ಮದು ಡಿಡಿಆರ್3. ಎರಡಕ್ಕೂ ಪಿನ್ 240 ಇದ್ದರೂ ನಡುವಿನ ಕಚ್ಚು ಬೇರೆ ಜಾಗದಲ್ಲಿದೆ, ವೋಲ್ಟೇಜೂ ಬೇರೆ. ಅದು 1.8, ನಿಮ್ಮದು 1.5. ಒತ್ತಿದರೆ ಈ ಸಲ ನಿಜವಾಗಿಯೂ ಸ್ಲಾಟ್ ಹೋಗುತ್ತದೆ. ಪಿಸಿ3 ಅಂತ ಇರುವುದನ್ನೇ ತನ್ನಿ.