ಗುಂಪು 400ರಿಂದ 9,000ಕ್ಕೆ ಬೆಳೆದಿದೆ, ಟ್ರೋಲ್‌ಗಳನ್ನು ಹೇಗೆ ನಿಭಾಯಿಸಲಿ?

ಕನ್ನಡಿ_ಉಜ್ಜುವವಳು ಕೇಳಿದ್ದು:

ಏಳು ವರ್ಷದಿಂದ ಒಂದು ಚಿಕ್ಕ ಆನ್‌ಲೈನ್ ಗುಂಪಿಗೆ ಮಾಡರೇಟರ್ ಆಗಿದ್ದೇನೆ. ಟೆಲಿಸ್ಕೋಪಿನ ಕನ್ನಡಿಯನ್ನು ಕೈಯಲ್ಲೇ ಉಜ್ಜಿ ಮಾಡಿಕೊಳ್ಳುವವರ ಗುಂಪು. ಆರು ಇಂಚಿನ ಗಾಜಿನ ಬಿಲ್ಲೆ ತಗೊಂಡು, ಕಾರ್ಬೊರಂಡಮ್ ಪುಡಿ ಹಾಕಿ ವಾರಗಟ್ಟಲೆ ಉಜ್ಜಬೇಕು. ಮೊದಲು 80ರ ಒರಟು ಪುಡಿ, ಆಮೇಲೆ 120, 220, ಹೀಗೆ ನುಣುಪಾಗುತ್ತಾ ಹೋಗಿ ಕೊನೆಗೆ ಸೀರಿಯಂ ಆಕ್ಸೈಡಿನಲ್ಲಿ ಪಾಲಿಶ್. ತಾಳ್ಮೆ ಇಲ್ಲದವರು ಮೊದಲ ವಾರವೇ ಬಿಟ್ಟು ಹೋಗುತ್ತಾರೆ. ಹಾಗಾಗಿ ನಮ್ಮಲ್ಲಿ ಜಗಳ ಕಡಿಮೆ ಇತ್ತು.

ಸುಮಾರು 400 ಜನ ಇದ್ದೆವು. ಯಾರಾದರೂ ಇದ್ದಕ್ಕಿದ್ದಂತೆ ಒರಟಾಗಿ ಬರೆದರೆ ಕಾರಣ ನನಗೆ ಗೊತ್ತಿರುತ್ತಿತ್ತು. ಅವರ ಕನ್ನಡಿಯ ಅಂಚು ತಗ್ಗಿಹೋಗಿದೆ, ಮೂರನೇ ಸಲ ಮೊದಲಿನಿಂದ ಉಜ್ಜುತ್ತಿದ್ದಾರೆ, ಬೇಜಾರಾಗಿದೆ, ಅಷ್ಟೇ. ಖಾಸಗಿಯಾಗಿ ಎರಡು ಸಾಲು ಬರೆದರೆ ಸಾಕಾಗುತ್ತಿತ್ತು. ಮರುದಿನ ಅವರೇ ಬಂದು ತಮ್ಮ ಮಾತನ್ನು ಅಳಿಸುತ್ತಿದ್ದರು. ಏಳು ವರ್ಷದಲ್ಲಿ ನಾನು ಹೊರಗೆ ಹಾಕಿದ್ದು ಮೂವರನ್ನು. ಮೂವರ ಹೆಸರೂ ನೆನಪಿದೆ, ಹಾಕುವ ಮುಂಚೆ ಎಷ್ಟು ದಿನ ಯೋಚಿಸಿದೆ ಅನ್ನುವುದೂ ನೆನಪಿದೆ.

ಕಳೆದ ವರ್ಷ ನಮ್ಮ ಸದಸ್ಯರೊಬ್ಬರು ಪಾಲಿಶ್ ಮಾಡುವ ವಿಡಿಯೋ ಒಂದು ದೊಡ್ಡ ಜಾಲತಾಣದಲ್ಲಿ ಎಲ್ಲೆಡೆ ಹರಡಿತು. ನಾಲ್ಕು ತಿಂಗಳಲ್ಲಿ ನಾವು 9,000 ಆದೆವು. ಬಂದವರಲ್ಲಿ ಹೆಚ್ಚಿನವರು ಒಳ್ಳೆಯವರೇ. ಆದರೆ ಯಾರು ಯಾರೆಂದು ನನಗೀಗ ಗೊತ್ತಿಲ್ಲ.

ಒಂದು ಘಟನೆ ಹೇಳುತ್ತೇನೆ. ಹೊಸಬರೊಬ್ಬರು ಚಿತ್ರ ಸಮೇತ ಒಂದು ಪೋಸ್ಟ್ ಹಾಕಿದರು. ಹಳೇ ಫೋಟೋ ಫಿಲ್ಮಿನ ಚೂರನ್ನು ಕಣ್ಣಿಡುವ ಮಸೂರದ ಮೇಲೆ ಅಂಟಿಸಿಕೊಂಡು ಸೂರ್ಯನನ್ನು ನೋಡಬಹುದು ಅಂತ. ಇದು ಕಣ್ಣು ಕಳೆಯುವ ಸಲಹೆ. ಕನ್ನಡಿ ಒಟ್ಟುಗೂಡಿಸಿದ ಬಿಸಿಲೆಲ್ಲ ಬಂದು ಬೀಳುವುದು ಅಲ್ಲಿಗೇ. ಫಿಲ್ಮ್ ಸುಟ್ಟು ತೂತಾಗುತ್ತದೆ. ಕಣ್ಣಿನ ಒಳಪರದೆಗೆ ನೋವು ತಿಳಿಯುವ ನರಗಳೇ ಇಲ್ಲ. ಹಾಗಾಗಿ ಸುಡುತ್ತಿದ್ದರೂ ನೋಡುತ್ತಲೇ ಇರುತ್ತೇವೆ. ಸೂರ್ಯನಿಗೆಂದೇ ಮಾಡಿದ ಫಿಲ್ಟರ್ ಬೇಕು, ಅದೂ ಕೊಳವೆಯ ಮುಂದುಗಡೆ ಇರಬೇಕು.

ತಕ್ಷಣ ತೆಗೆದೆ. ಯಾಕೆ ತೆಗೆದೆ ಅಂತ ವಿವರವಾಗಿ ಬರೆದೆ. ಅದೇ ವ್ಯಕ್ತಿ ಮೂರು ಖಾತೆಗಳಿಂದ ವಾಪಸ್ ಬಂದರು. ಬೈಗುಳ ಒಂದೂ ಇಲ್ಲ. 'ಪುರಾವೆ ಕೊಡಿ', 'ಸುಮ್ನೆ ಕೇಳ್ತಿದ್ದೇನೆ', 'ಪ್ರಶ್ನೆ ಕೇಳುವುದೂ ತಪ್ಪಾ?' ಎರಡು ದಿನದಲ್ಲಿ ನಲವತ್ತಕ್ಕೂ ಜಾಸ್ತಿ ಕಾಮೆಂಟ್. ಉತ್ತರ ಕೊಟ್ಟಷ್ಟೂ ಹೊಸ ಪ್ರಶ್ನೆ. ನನ್ನ ಎರಡು ರಾತ್ರಿ ಅದಕ್ಕೇ ಹೋಯಿತು. ಅದೇ ಹೊತ್ತಿನಲ್ಲಿ ನಿಜವಾಗಿ ಸಹಾಯ ಕೇಳಿದ್ದ ಆರು ಹೊಸಬರಿಗೆ ಯಾರೂ ಉತ್ತರ ಕೊಡಲಿಲ್ಲ. ನನಗೆ ಇವತ್ತಿಗೂ ನೋವಾಗುವುದು ಅದಕ್ಕೆ.

ಅದೇ ಚಿತ್ರ ಆ ದೊಡ್ಡ ಜಾಲತಾಣದಲ್ಲೂ ಇತ್ತು. ರಿಪೋರ್ಟ್ ಮಾಡಿದೆ. ಕೆಲವೇ ನಿಮಿಷದಲ್ಲಿ ಉತ್ತರ ಬಂತು: ನಮ್ಮ ನಿಯಮಗಳ ಉಲ್ಲಂಘನೆ ಆಗಿಲ್ಲ. ಮತ್ತೆ ಮನವಿ ಹಾಕಿದೆ. ಮತ್ತೆ ಅದೇ ಸಾಲು.

ಈಗ ನಾಲ್ಕು ಮಾಡರೇಟರ್‌ಗಳಲ್ಲಿ ಇಬ್ಬರು, 'ಎಲ್ಲವನ್ನೂ ದೊಡ್ಡ ಜಾಲತಾಣಕ್ಕೇ ಸಾಗಿಸೋಣ, ಅವರ ಹತ್ತಿರ ಯಂತ್ರ ಇದೆ, ಜನ ಇದ್ದಾರೆ' ಅನ್ನುತ್ತಿದ್ದಾರೆ. ಇನ್ನೊಬ್ಬರು, 'ಬಾಗಿಲು ಹಾಕಿ, ಪರಿಚಯದವರನ್ನು ಮಾತ್ರ ಬಿಡೋಣ' ಅನ್ನುತ್ತಿದ್ದಾರೆ. ನನಗೆ ಎರಡೂ ಒಪ್ಪಿಗೆ ಆಗುತ್ತಿಲ್ಲ. ಇಂಥದ್ದನ್ನು ಕಂಡವರು ದಯವಿಟ್ಟು ಹೇಳಿ.

---

ಹಳೇ_ಮೋಡೆಮ್ ಬರೆದದ್ದು:

ಇದು ಮೂವತ್ತು ವರ್ಷದ ಹಳೇ ಕಥೆ. ನಾನು ಯೂಸ್‌ನೆಟ್ ಕಾಲದವನು, ಅಂದರೆ ಈಗಿನ ಜಾಲತಾಣಗಳಿಗೂ ಮುಂಚಿನ ಚರ್ಚಾ ಗುಂಪುಗಳ ಕಾಲ. ಅಲ್ಲಿ ಪ್ರತಿ ಸೆಪ್ಟೆಂಬರ್ ಗಲಾಟೆ ಇರುತ್ತಿತ್ತು. ವಿಶ್ವವಿದ್ಯಾಲಯಗಳಿಗೆ ಹೊಸದಾಗಿ ಸೇರಿದ ಹುಡುಗರು ಮೊದಲ ಸಲ ಒಳಗೆ ಬರುತ್ತಿದ್ದರು. ರೀತಿ ರಿವಾಜು ಗೊತ್ತಿರುತ್ತಿರಲಿಲ್ಲ. ಹಳಬರು ತಿದ್ದುತ್ತಿದ್ದರು. ಒಂದೆರಡು ತಿಂಗಳಲ್ಲಿ ಎಲ್ಲ ತಣ್ಣಗಾಗುತ್ತಿತ್ತು. 1993ರ ನಂತರ ಮನೆಗಳಿಗೆ ಇಂಟರ್ನೆಟ್ ಕೊಡುವ ಎಒಎಲ್‌ನಂಥ ಕಂಪನಿಗಳ ಮೂಲಕ ಜನ ವರ್ಷವಿಡೀ ಬರತೊಡಗಿದರು. ತಿದ್ದುವವರ ಸಂಖ್ಯೆ ಅಷ್ಟೇ, ಬರುವವರಿಗೆ ಕೊನೆಯಿಲ್ಲ. ಅದಕ್ಕೆ 'ಮುಗಿಯದ ಸೆಪ್ಟೆಂಬರ್' ಅನ್ನುವ ಹೆಸರೇ ಬಿತ್ತು.

ನಿಮಗೆ ಆಗಿರುವುದೂ ಅದೇ. 9,000 ದೊಡ್ಡ ಸಂಖ್ಯೆ ಅಲ್ಲ. ನಾಲ್ಕು ತಿಂಗಳಲ್ಲಿ ಬಂದದ್ದು ಕಷ್ಟ. ನಾಲ್ಕು ವರ್ಷದಲ್ಲಿ ಬಂದಿದ್ದರೆ ಅವರಲ್ಲೇ ಎಷ್ಟೋ ಜನ ಹಳಬರಾಗಿ ಹೊಸಬರನ್ನು ತಿದ್ದುತ್ತಿದ್ದರು.

ಟ್ರೋಲ್ ಅಂದರೆ ಈಗ ಕಾಲೆಳೆಯುವುದು, ಮೀಮ್ ಹಾಕುವುದು ಅನ್ನೋ ಅರ್ಥ ಬಂದಿದೆ. ನಮ್ಮ ಕಾಲದಲ್ಲಿ ಅದಕ್ಕೆ ಮೀನು ಹಿಡಿಯುವವರ ಅರ್ಥವೂ ಅಂಟಿಕೊಂಡಿತ್ತು. ಇಂಗ್ಲಿಷಿನಲ್ಲಿ ದೋಣಿಯ ಹಿಂದೆ ಗಾಳ ಬಿಟ್ಟುಕೊಂಡು ಮೆಲ್ಲಗೆ ಸಾಗುವುದಕ್ಕೆ ಆ ಮಾತಿದೆ. ನಿಮ್ಮ 'ಸುಮ್ನೆ ಕೇಳ್ತಿದ್ದೇನೆ' ಮನುಷ್ಯ ಮಾಡಿದ್ದು ಅದನ್ನೇ. ನಿಮ್ಮ ಉತ್ತರದಲ್ಲಿ ಅವರಿಗೆ ಆಸಕ್ತಿ ಇರಲಿಲ್ಲ. ನೀವು ಉತ್ತರ ಕೊಡುತ್ತಲೇ ಇರುವುದು ಬೇಕಿತ್ತು.

ಹಿಂದಿನವರು ಮಾಡಿದ ಉಪಾಯಗಳಲ್ಲಿ ನನಗೆ ಇಷ್ಟವಾದವು ಬಾಗಿಲಿಗೆ ಸಂಬಂಧಿಸಿದವು. ಮೆಟಾಫಿಲ್ಟರ್ ಅನ್ನುವ ಚರ್ಚಾತಾಣ 1999ರಿಂದ ಇದೆ. ಹೊಸ ಖಾತೆಗೆ ಒಂದೇ ಸಲ ಐದು ಡಾಲರ್ ಶುಲ್ಕ ಇಟ್ಟರು. ಐದು ಡಾಲರ್ ಯಾರನ್ನೂ ಶ್ರೀಮಂತ ಮಾಡಲ್ಲ. ಆದರೆ ಹೊರಗೆ ಹಾಕಿದ ಮೇಲೆ ಮೂರು ಖಾತೆ ತೆರೆಯುವ ಉತ್ಸಾಹ ಇಳಿಯುತ್ತದೆ. ಲಾಬ್‌ಸ್ಟರ್ಸ್ ಅನ್ನುವ ಕಂಪ್ಯೂಟರ್ ಮಂದಿಯ ಚರ್ಚಾತಾಣದಲ್ಲಿ ಹಳೇ ಸದಸ್ಯರು ಕರೆದರೆ ಮಾತ್ರ ಪ್ರವೇಶ. ಯಾರು ಯಾರನ್ನು ಕರೆತಂದರು ಅನ್ನುವುದು ಎಲ್ಲರಿಗೂ ಕಾಣುತ್ತದೆ. ಕರೆತಂದವರಿಗೂ ಒಂದು ಜವಾಬ್ದಾರಿ ಇರುತ್ತೆ ಅಲ್ವಾ.

ಸ್ಲ್ಯಾಶ್‌ಡಾಟ್ ಅನ್ನುವ ತಂತ್ರಜ್ಞಾನ ಸುದ್ದಿತಾಣದ ದಾರಿ ಬೇರೆ. ಸಾಮಾನ್ಯ ಸದಸ್ಯರಿಗೇ ಆಗಾಗ ಐದು ಅಂಕ ಕೊಟ್ಟು, ಬೇರೆಯವರ ಕಾಮೆಂಟ್‌ಗಳನ್ನು ಏರಿಸಿ ಇಳಿಸಲು ಬಿಡುತ್ತಿದ್ದರು. ಅಂಕಕ್ಕೆ ಅವಧಿ ಇತ್ತು. ತಾನು ಮಾತಾಡಿದ ಚರ್ಚೆಯಲ್ಲಿ ತಾನೇ ಅಂಕ ಹಾಕುವ ಹಾಗಿರಲಿಲ್ಲ. ಈ ಕೊನೆಯ ನಿಯಮವನ್ನು ನೀವೂ ತಗೊಳ್ಳಿ. ವಾದಕ್ಕಿಳಿದ ಮಾಡರೇಟರ್ ಆ ಚರ್ಚೆಯ ತೀರ್ಪನ್ನು ಇನ್ನೊಬ್ಬರಿಗೆ ಬಿಡಬೇಕು.

---

ರಾತ್ರಿಪಾಳಿ ಬರೆದದ್ದು:

ಅಕ್ಕ, ನಿಮ್ಮ ರಿಪೋರ್ಟ್ ಯಾಕೆ ಹಾಗೆ ವಾಪಸ್ ಬಂತು ಅಂತ ನಾನು ಹೇಳಬಲ್ಲೆ. ಎರಡು ವರ್ಷ ಒಂದು ಗುತ್ತಿಗೆ ಕಂಪನಿಯ ಮೂಲಕ ದೊಡ್ಡ ಜಾಲತಾಣವೊಂದರ ಪೋಸ್ಟ್‌ಗಳನ್ನು ಪರಿಶೀಲಿಸುವ ಕೆಲಸ ಮಾಡಿದ್ದೇನೆ.

ನಮ್ಮ ಮುಂದೆ ಬರುತ್ತಿದ್ದದ್ದು ಒಂದು ಚಿತ್ರ, ಅಥವಾ ಒಂದು ಸಾಲು. ಅದರ ಹಿಂದೆ ಮುಂದೆ ಏನು ನಡೆಯಿತು ಅಂತ ನೋಡಲು ಹೊತ್ತು ಇರುತ್ತಿರಲಿಲ್ಲ. ಒಂದಕ್ಕೆ ಅರ್ಧ ನಿಮಿಷ ಸಿಕ್ಕರೆ ಜಾಸ್ತಿ. ಕೇಳಬೇಕಾದ ಪ್ರಶ್ನೆ 'ಇದರಿಂದ ಯಾರಿಗಾದರೂ ಪೆಟ್ಟಾಗುತ್ತಾ?' ಅಂತಲ್ಲ. 'ಪಟ್ಟಿಯ ಯಾವ ನಿಯಮಕ್ಕೆ ಬರುತ್ತೆ?' ಅಂತ. ನಿಮ್ಮ ಚಿತ್ರದಲ್ಲಿ ಇದ್ದದ್ದು ಒಂದು ಟೆಲಿಸ್ಕೋಪು, ಒಂದು ಫಿಲ್ಮ್ ಚೂರು. ರಕ್ತ ಇಲ್ಲ, ಬೈಗುಳ ಇಲ್ಲ, ಬೆತ್ತಲೆ ಇಲ್ಲ. ಟೆಲಿಸ್ಕೋಪ್ ಬಗ್ಗೆ ಗೊತ್ತಿಲ್ಲದ ನಾನು ಕೂತಿದ್ದರೂ 'ಇರಲಿ' ಅಂತಲೇ ಒತ್ತುತ್ತಿದ್ದೆ. ನಿಮಗೆ ನಿಮಿಷಗಳಲ್ಲಿ ಉತ್ತರ ಬಂದಿದೆ ಅಂದರೆ, ಅದನ್ನು ಬಹುಶಃ ಮನುಷ್ಯರು ನೋಡಿಯೇ ಇಲ್ಲ.

ಭಾಷೆಯ ಸಂಕಟ ಇನ್ನೂ ದೊಡ್ಡದು. ಮ್ಯಾನ್ಮಾರ್‌ನಲ್ಲಿ ರೋಹಿಂಗ್ಯಾ ಜನರ ವಿರುದ್ಧ ದ್ವೇಷ ಹರಡುತ್ತಿದ್ದಾಗ ಫೇಸ್‌ಬುಕ್‌ನಲ್ಲಿ ಬರ್ಮೀಸ್ ಓದಬಲ್ಲ ಪರಿಶೀಲಕರು ತೀರಾ ಕಡಿಮೆ ಇದ್ದರು. ತಾನು ಸಾಕಷ್ಟು ಮಾಡಲಿಲ್ಲ ಅಂತ 2018ರಲ್ಲಿ ಆ ಕಂಪನಿಯೇ ಒಪ್ಪಿಕೊಂಡಿತು. ಅಷ್ಟು ಹೊತ್ತಿಗೆ ಲಕ್ಷಾಂತರ ಜನ ಊರು ಬಿಟ್ಟು ಓಡಿದ್ದರು.

ಆದರೆ ದೊಡ್ಡವರಿಂದ ಏನೂ ಆಗಲ್ಲ ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ಮಕ್ಕಳ ಮೇಲಿನ ದೌರ್ಜನ್ಯದ ಚಿತ್ರಗಳ ವಿಷಯ ತಗೊಳ್ಳಿ. ಒಮ್ಮೆ ಗುರುತಿಸಿದ ಚಿತ್ರ ಇನ್ನೆಲ್ಲಿ ಬಂದರೂ ಹಿಡಿಯುವ ಫೋಟೋಡಿಎನ್‌ಎ ಅನ್ನುವ ತಂತ್ರವನ್ನು ಮೈಕ್ರೋಸಾಫ್ಟ್ 2009ರಲ್ಲಿ ತಂದಿತು. ಅದು ಸಾವಿರಾರು ಕಣ್ಣುಗಳಿಗೆ ಆ ಚಿತ್ರ ನೋಡುವುದನ್ನು ತಪ್ಪಿಸಿದೆ. ಅಂಥದ್ದು ನಿಮ್ಮ ಗುಂಪಿಗೆ ಬಂದರೆ ನಾಲ್ಕು ಜನ ಏನು ಮಾಡುತ್ತೀರಿ? ಒಬ್ಬರು ಅದನ್ನು ನೋಡಲೇಬೇಕಾಗುತ್ತೆ.

ನೋಡುವವರ ಗತಿ ಏನು ಅಂತ ನನಗೆ ಗೊತ್ತು. 2020ರಲ್ಲಿ ಫೇಸ್‌ಬುಕ್, ಅಮೆರಿಕದ ತನ್ನ ಪರಿಶೀಲಕರ ಮೊಕದ್ದಮೆಯಲ್ಲಿ 5.2 ಕೋಟಿ ಡಾಲರ್ ಕೊಡಲು ಒಪ್ಪಿತು. ಮನಸ್ಸಿಗೆ ಆದ ಗಾಯಕ್ಕೆ. ನನಗೆ ಈಗಲೂ ಕೆಲವು ರಾತ್ರಿ ನಿದ್ದೆ ಹತ್ತುವುದಿಲ್ಲ. ಕೆಲಸ ಬಿಟ್ಟು ಮೂರು ವರ್ಷ ಆಯಿತು.

ಹಾಗಾಗಿ ಸಾಗಿಸಬೇಡಿ. ಅಲ್ಲಿ ನಿಮ್ಮ ಮನುಷ್ಯನ ನಲವತ್ತು ಕಾಮೆಂಟು ನಲವತ್ತು ಬೇರೆ ಬೇರೆ ಪರಿಶೀಲಕರ ಮುಂದೆ ಬರುತ್ತದೆ. ಒಂದೊಂದೂ ಸಭ್ಯವಾಗಿಯೇ ಕಾಣುತ್ತದೆ. ನಲವತ್ತನ್ನೂ ಒಟ್ಟಿಗೆ ಓದಿದ್ದು ನೀವು ಒಬ್ಬರೇ.

---

ಮೂಲೆ_ಕುರ್ಚಿ ಬರೆದದ್ದು:

ಚಿಕ್ಕ ಗುಂಪನ್ನು ಎಲ್ಲರೂ ಹೊಗಳುತ್ತಿದ್ದೀರಿ. ಇನ್ನೊಂದು ಮುಖವನ್ನೂ ಕೇಳಿ.

ನನ್ನನ್ನು ಒಂದು ಚಿಕ್ಕ ಗುಂಪಿನಿಂದ ಹೊರಗೆ ಹಾಕಿದರು. ಮಾಡರೇಟರ್‌ನ ಸ್ನೇಹಿತರೊಬ್ಬರು ಬರೆದ ಲೆಕ್ಕ ತಪ್ಪು ಅಂತ ಹೇಳಿದ್ದೆ. ಎರಡನೇ ಸಲ ಹೇಳಿದಾಗ ದನಿ ಏರಿತ್ತು, ಅದು ನನ್ನ ತಪ್ಪು. ಬೆಳಗ್ಗೆ ಎದ್ದು ನೋಡಿದರೆ ಖಾತೆಯೇ ಇಲ್ಲ. ಐದು ವರ್ಷದ ನನ್ನ ಬರಹ, ಚಿತ್ರ ಎಲ್ಲವೂ ಹೋಗಿತ್ತು. ಕಾರಣ ಹೇಳಲಿಲ್ಲ. ಕೇಳಲು ಜಾಗವೇ ಇರಲಿಲ್ಲ. ಒಬ್ಬರೇ ಪೊಲೀಸು, ಅವರೇ ನ್ಯಾಯಾಧೀಶರು. ಯುರೋಪಿನ ಡಿಜಿಟಲ್ ಸೇವೆಗಳ ಕಾಯ್ದೆ ಬಂದ ಮೇಲೆ ದೊಡ್ಡ ಜಾಲತಾಣಗಳು ಅಲ್ಲಿನವರ ಪೋಸ್ಟ್ ತೆಗೆದರೆ ಕಾರಣ ತಿಳಿಸಲೇಬೇಕು, ದೂರು ಕೊಡಲು ದಾರಿ ಇಡಲೇಬೇಕು. ನನಗೆ ಅಷ್ಟೂ ಸಿಗಲಿಲ್ಲ.

2017ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಕಾರ್ನೆಲ್ ಸಂಶೋಧಕರು ಒಂದು ಪ್ರಯೋಗ ಮಾಡಿದ್ದರು. ಕೆಲವರಿಗೆ ಸುಲಭದ ಪ್ರಶ್ನೆ ಕೊಟ್ಟು, ಕೆಲವರಿಗೆ ಕಷ್ಟದ್ದು ಕೊಟ್ಟು ಮನಸ್ಸು ಕೆಡಿಸಿ, ಆಮೇಲೆ ಒಂದು ಚರ್ಚೆಯಲ್ಲಿ ಕಾಮೆಂಟ್ ಬರೆಸಿದರು. ಮನಸ್ಸು ಚೆನ್ನಾಗಿದ್ದು, ಮೊದಲೇ ಇದ್ದ ಕಾಮೆಂಟ್‌ಗಳೂ ಸಭ್ಯವಾಗಿದ್ದಾಗ ಸುಮಾರು 35 ಶೇಕಡಾ ಜನ ಟ್ರೋಲ್ ತರಹ ಬರೆದರು. ಮನಸ್ಸೂ ಕೆಟ್ಟು, ಮೇಲಿನ ಕಾಮೆಂಟ್‌ಗಳೂ ಕೆಟ್ಟದಾಗಿದ್ದಾಗ 68 ಶೇಕಡಾ. ಇವರೆಲ್ಲ ಮಾಮೂಲಿ ಜನ. ಆ ದಿನ ನಾನೂ ಅಂಥವನೇ ಆಗಿದ್ದೆ. ಒಂದು ದಿನ ಬಿಟ್ಟು ಯಾರಾದರೂ 'ಏನಾಯ್ತು?' ಅಂತ ಕೇಳಿದ್ದರೆ ಕ್ಷಮೆ ಕೇಳುತ್ತಿದ್ದೆ.

ನೀವು ಖಾಸಗಿಯಾಗಿ ಎರಡು ಸಾಲು ಬರೆಯುತ್ತಿದ್ದೆ ಅಂದಿರಲ್ಲ, ಅದನ್ನು ಬಿಡಬೇಡಿ. ಬೇರೆ ಏನು ಬೇಕಾದರೂ ಬದಲಾಯಿಸಿ.

---

ಕನ್ನಡಿ_ಉಜ್ಜುವವಳು ಬರೆದದ್ದು:

ಮೂವರಿಗೂ ತುಂಬಾ ಥ್ಯಾಂಕ್ಸ್. ಎರಡು ವಾರ ಉತ್ತರಿಸಲು ಆಗಲಿಲ್ಲ, ಕೆಲವನ್ನು ಮಾಡಿ ನೋಡಿ ಹೇಳೋಣ ಅಂತ ಕಾದೆ.

ಸಾಗಿಸುವುದು ಬೇಡ ಅಂತ ನಾಲ್ವರೂ ಒಪ್ಪಿದೆವು. ಬಾಗಿಲು ಮುಚ್ಚುವುದೂ ಬೇಡ. ಹೊಸ ಖಾತೆ ಮೊದಲ ವಾರ ಪ್ರಶ್ನೆ ಕೇಳಬಹುದು, ಆದರೆ ದಿನಕ್ಕೆ ಮೂರು ಕಾಮೆಂಟ್ ಮಾತ್ರ. ನಲವತ್ತು ಕಾಮೆಂಟಿನ ಆಟ ಅಲ್ಲಿಗೆ ನಿಲ್ಲುತ್ತೆ. ಶುಲ್ಕ ಇಡಲಿಲ್ಲ. ನಮ್ಮಲ್ಲಿ ಶಾಲೆಗೆ ಹೋಗುವ ಮಕ್ಕಳೂ ಇದ್ದಾರೆ.

ನಾಲ್ಕು ಸಾಲಿನ ನಿಯಮವನ್ನು ಪ್ರತಿ ಚರ್ಚೆಯ ನೆತ್ತಿಗೆ ಹಾಕಿದೆವು. ರೆಡಿಟ್‌ನ ದೊಡ್ಡ ವಿಜ್ಞಾನ ಗುಂಪೊಂದರಲ್ಲಿ ಹೀಗೆ ಮಾಡಿದಾಗ ಹೊಸಬರು ನಿಯಮ ಪಾಲಿಸುವುದೂ ಹೆಚ್ಚಿತ್ತು, ಮಾತಾಡುವ ಹೊಸಬರೂ ಹೆಚ್ಚಿದ್ದರು ಅನ್ನುವ 2019ರ ಒಂದು ಅಧ್ಯಯನ ಓದಿದೆ. ನಿಯಮ ಕಂಡರೆ ಜನ ಹೆದರಿ ದೂರ ಹೋಗುತ್ತಾರೆ ಅಂದುಕೊಂಡಿದ್ದೆ. ಹಾಗೇನೂ ಇಲ್ಲ. ಏನು ಮಾಡಿದರೆ ಸರಿ ಅಂತ ಗೊತ್ತಿದ್ದರೆ ಧೈರ್ಯ ಬರುತ್ತೆ.

ಮೂಲೆ_ಕುರ್ಚಿ ಅವರೇ, ನಿಮ್ಮ ಮಾತು ಓದಿ ನಾನು ಹೊರಗೆ ಹಾಕಿದ ಮೂವರನ್ನು ನೆನೆದೆ. ಒಬ್ಬರಿಗೆ ನಾನು ಕಾರಣ ಹೇಳಿರಲಿಲ್ಲ. ಆರು ವರ್ಷದ ಹಿಂದಿನ ಮಾತು. ಈ ವಾರ ಅವರಿಗೆ ಮಿಂಚಂಚೆ ಕಳಿಸಿ ಕಾರಣವನ್ನೂ ಹೇಳಿದೆ, ಕ್ಷಮೆಯನ್ನೂ ಕೇಳಿದೆ. ಉತ್ತರ ಬಂದಿಲ್ಲ. ಇನ್ನು ಮುಂದೆ ಒಬ್ಬರು ಹೊರಗೆ ಹಾಕಿದರೆ, ಇನ್ನೊಬ್ಬ ಮಾಡರೇಟರ್ ಮನವಿ ಕೇಳುತ್ತಾರೆ.

ಸೂರ್ಯನ ಪೋಸ್ಟ್ ಹಾಕಿದವರಿಗೂ ಖಾಸಗಿಯಾಗಿ ಬರೆದೆ. ಅವರಿಂದಲೂ ಉತ್ತರ ಇಲ್ಲ. ಮೂರು ಖಾತೆಯನ್ನೂ ಮುಚ್ಚಿದೆ. ಆದರೆ ಬೇರೆ ಒಬ್ಬರಿಂದ ಪತ್ರ ಬಂತು. ಹದಿನಾರು ವರ್ಷದ ಹುಡುಗ. ನಾನು ತೆಗೆಯುವ ಮುಂಚೆಯೇ ಆ ಪೋಸ್ಟ್ ಓದಿ, ಫಿಲ್ಮ್ ಕತ್ತರಿಸಿ ಇಟ್ಟುಕೊಂಡಿದ್ದನಂತೆ. ನಾನು ಬರೆದಿದ್ದ ವಿವರ ಓದಿದ ಮೇಲೆ ಅದನ್ನು ಬಿಸಾಡಿದನಂತೆ. ಆ ಆರು ಜನರಲ್ಲಿ ಇವನೂ ಒಬ್ಬ. ಉತ್ತರ ಸಿಗದೆ ಇದ್ದವನು. ಇವನ ಬಿಲ್ಲೆಯ ನಡುವೆ ಒಂದು ಗೀರು ಬಿದ್ದಿದೆ, ಏನು ಮಾಡಲಿ ಅಂತ ಕೇಳಿದ್ದ. ಕೂತು ಎರಡು ಪುಟ ಬರೆದು ಕಳಿಸಿದೆ.

ರಾತ್ರಿಪಾಳಿ, ನಿಮ್ಮನ್ನು ಒಂದು ಕೇಳಬೇಕು. ನಾಲ್ವರು ಸಾಲುತ್ತಿಲ್ಲ. ನಲವತ್ತನ್ನೂ ಒಟ್ಟಿಗೆ ಓದಬೇಕು ಅಂತ ಗೊತ್ತಿರುವವರು ಬೇಕು. ವಾರಕ್ಕೆ ಒಂದೆರಡು ಗಂಟೆ ಬರುತ್ತೀರಾ? ಮನಸ್ಸಿಲ್ಲದಿದ್ದರೆ ಖಂಡಿತ ಬೇಡ ಅನ್ನಿ.

---

ರಾತ್ರಿಪಾಳಿ ಬರೆದದ್ದು:

ಬರ್ತೀನಿ ಅಕ್ಕ. ರಿಪೋರ್ಟ್ ಆದ ಚಿತ್ರಗಳನ್ನು ನೋಡುವ ಸರದಿ ಮಾತ್ರ ನನಗೆ ಬೇಡ. ಉತ್ತರ ಸಿಗದ ಹೊಸಬರ ಪಟ್ಟಿ ಕೊಡಿ. ಗೊತ್ತಿಲ್ಲದ್ದನ್ನು ನಿಮ್ಮನ್ನು ಕೇಳಿ ಬರೆಯುತ್ತೇನೆ.