ಐವರ ಯೆಜ್ಡಿ, ಒಬ್ಬನ ಮಳೆಗಾಲ

ನಮ್ಮ ಹಾಸ್ಟೆಲ್ಲಿನಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವ ರೂಢಿ ಇರಲಿಲ್ಲ. ಅವರವರ ಊರೇ ಅವರವರ ಹೆಸರಾಗಿತ್ತು. ಆ ರೂಢಿ ವಾಟ್ಸಾಪ್ ಗುಂಪಿಗೂ ಬಂದಿದೆ: ಸಾಗರ, ಕಡೂರು, ಹುಬ್ಬಳ್ಳಿ, ಪುತ್ತೂರು ಮತ್ತು ಮೈಸೂರು ಎಂಬ ನಾನು. 1987ರಲ್ಲಿ, ಇಂಜಿನಿಯರಿಂಗ್‌ನ ಕೊನೆಯ ವರ್ಷದಲ್ಲಿದ್ದಾಗ, ತಲಾ 1,300 ರೂಪಾಯಿ ಹಾಕಿ ನಾವು ಐವರು 1979ರ ಒಂದು ಯೆಜ್ಡಿ 250 ಮೋಟಾರ್ ಸೈಕಲ್ ಕೊಂಡೆವು. ಅದು ಹುಟ್ಟಿದ ಐಡಿಯಲ್ ಜಾವಾ ಕಾರ್ಖಾನೆ ಮೈಸೂರಿನ ಯಾದವಗಿರಿಯಲ್ಲಿ, ನಮ್ಮ ಹಾಸ್ಟೆಲ್ಲಿನಿಂದ ಸೈಕಲ್ ತುಳಿದು ಹೋಗುವಷ್ಟು ದೂರದಲ್ಲಿತ್ತು. 1961ರಲ್ಲಿ ಉದ್ಘಾಟನೆಯಾದ ಕಾರ್ಖಾನೆ 1996ರಲ್ಲಿ ಮುಚ್ಚಿತು; ನಮ್ಮ ಗಾಡಿ ಮಾತ್ರ ಇನ್ನೂ ಓಡುತ್ತಿದೆ. ಓಡುತ್ತಿತ್ತು ಎನ್ನಬೇಕು.

2011ರಲ್ಲಿ ಇಂಜಿನ್ ಬಿಚ್ಚಿಸಿ ಹೊಸದಾಗಿ ಕಟ್ಟಿಸಿದ ಮೇಲೆ, ಊರಿನಲ್ಲಿರುವ ನಾಲ್ವರೂ ವರ್ಷಕ್ಕೆ ಮೂರು ತಿಂಗಳಂತೆ ಅದನ್ನು ಇಟ್ಟುಕೊಳ್ಳಬೇಕು, ಮಸ್ಕತ್‌ನಲ್ಲಿರುವ ಪುತ್ತೂರು ರಜೆಗೆ ಬಂದಾಗ ಆಗ ಯಾರ ಬಳಿ ಇದೆಯೋ ಅವರಿಂದ ಪಡೆದು ಓಡಿಸಬೇಕು ಎಂದು ಒಪ್ಪಂದವಾಯಿತು. ಗಾಡಿಯ ವಿಷಯವನ್ನು ಗುಂಪಿನಲ್ಲಿ ಪೂರ್ಣ ವಾಕ್ಯಗಳಲ್ಲಿಯೇ ಬರೆಯಬೇಕು ಎಂಬ ನಿಯಮ ಹುಬ್ಬಳ್ಳಿಯದು. ಹಿಂದೊಮ್ಮೆ ಯಾರೋ ಒತ್ತಿದ ಹೆಬ್ಬೆರಳಿನ ಚಿತ್ರವನ್ನು ಒಪ್ಪಿಗೆ ಎಂದು ತಿಳಿದು ಕಡೂರು ಟ್ಯಾಂಕಿಗೆ ಬಣ್ಣ ಹೊಡೆಸಿಬಿಟ್ಟಿದ್ದ. ಕಳೆದ ಸೆಪ್ಟೆಂಬರ್‌ನಲ್ಲಿ ನಡೆದ ಜಗಳವನ್ನು, ನಾಲ್ವರ ಒಪ್ಪಿಗೆ ಪಡೆದು, ಇಲ್ಲಿ ಇಡುತ್ತಿದ್ದೇನೆ.

ಸಾಗರ, ಭಾನುವಾರ ರಾತ್ರಿ 8.10:
ಜೂನ್ ಒಂದರಿಂದ ಈವರೆಗೆ ನನ್ನ ಅಡಿಕೆ ಕೊಟ್ಟಿಗೆಯಲ್ಲಿ ಒಂದು ಗೀರೂ ಬೀಳದಂತೆ ಇಟ್ಟುಕೊಂಡಿದ್ದ ಗಾಡಿಯ ಇಂಜಿನ್ನು, ಕಡೂರಿನ ಮಗನ ಕೈಗೆ ಹೋದ ಒಂದೇ ದಿನದಲ್ಲಿ ಆನಂದಪುರ ಮತ್ತು ಆಯನೂರಿನ ನಡುವೆ ಪಿಸ್ಟನ್ ಕಚ್ಚಿಕೊಂಡು ಸೀಜ್ ಆಗಿದೆ. ಫೋರ್ ಸ್ಟ್ರೋಕ್ ಗಾಡಿ ಬಿಟ್ಟು ಬೇರೆಯದನ್ನು ಕಂಡೇ ಇರದ ಹುಡುಗ, ನಮ್ಮ ಟೂ ಸ್ಟ್ರೋಕ್ ಗಾಡಿಗೆ ಪೆಟ್ರೋಲಿನಲ್ಲಿ ಆಯಿಲ್ ಬೆರೆಸಬೇಕೆಂದು ತಿಳಿಯದೆ, ಬರೀ ಪೆಟ್ರೋಲ್ ಹಾಕಿಸಿಕೊಂಡು ಹೊರಟಿದ್ದಾನೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ನಮ್ಮ ಕಾಲದಲ್ಲಿ ಬಂಕಿನವನೇ ಆಯಿಲ್ ಬೆರೆಸಿ ಕೊಡುತ್ತಿದ್ದ. ಈಗ ಕೇಳಿದರೆ ಮುಖ ನೋಡುತ್ತಾರೆ. ಬೋರ್, ಪಿಸ್ಟನ್ ಮತ್ತು ಕೂಲಿ ಸೇರಿ ಮೇಸ್ತ್ರಿ ಹೇಳಿರುವ 9,400 ರೂಪಾಯಿಯನ್ನು ಕಡೂರು ಒಬ್ಬನೇ ಕೊಡುವುದು ನ್ಯಾಯ.

ಕಡೂರು, 8.24:
ಸಂಶಯವಿಲ್ಲ ಎಂದು ಬರೆಯುವ ಮೊದಲು ಹುಡುಗನನ್ನು ಒಂದು ಮಾತು ಕೇಳಬಹುದಿತ್ತು ಮಾರಾಯ. ಅವನಿಗೆ 27 ವರ್ಷ, ಲೈಸೆನ್ಸ್ ಇದೆ. ನಿಮ್ಮೂರಿನ ಬಂಕಿನಲ್ಲಿಯೇ ಮೂರು ಲೀಟರ್ ಪೆಟ್ರೋಲಿಗೆ ಲೀಟರಿಗೆ 40 ಮಿಲಿಲೀಟರ್ ಲೆಕ್ಕದಲ್ಲಿ ಟೂಟಿ (ಟೂ ಸ್ಟ್ರೋಕ್) ಆಯಿಲ್ ಹಾಕಿ, ಗಾಡಿಯನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ ಬೆರೆಸಿದ್ದಾನೆ. ಖಾಲಿ ಪೌಚುಗಳ ಚಿತ್ರ ಹಾಕಿದ್ದೇನೆ, ನೋಡು. ಆನಂದಪುರ ದಾಟುವಾಗ ಇಂಜಿನ್ ಮಿಸ್ ಹೊಡೆಯಲು ಶುರುವಾಯಿತಂತೆ. ಪೆಟ್ರೋಲ್ ಸರಿಯಾಗಿ ಇಳಿಯುತ್ತಿಲ್ಲವೇನೋ ಎಂದುಕೊಂಡು ನಾಬನ್ನು ರಿಸರ್ವ್‌ಗೆ ತಿರುಗಿಸಿದ್ದಾನೆ. ಅದಾದ ಮೇಲೆ ಏಳೆಂಟು ಕಿಲೋಮೀಟರ್ ಹೋಗುವುದರೊಳಗೆ ಹಿಂದಿನ ಚಕ್ರ ಕಚ್ಚಿಕೊಂಡು ನಿಂತಿದೆ. ಕ್ಲಚ್ ಹಿಡಿದು ಬೀಳದೆ ನಿಲ್ಲಿಸಿದನಲ್ಲ, ಅದನ್ನು ಯಾರೂ ಕೇಳಲಿಲ್ಲ.

ಹುಬ್ಬಳ್ಳಿ, 8.51:
ಹುಡುಗನಿಗೆ ಪೆಟ್ಟಾಗಿಲ್ಲ ಎಂಬುದು ಸಮಾಧಾನ, ಅದನ್ನು ಮೊದಲು ದಾಖಲಿಸುತ್ತೇನೆ. ಎರಡನೆಯದಾಗಿ, ಐವರಲ್ಲದವರು ಗಾಡಿ ಓಡಿಸುವುದಾದರೆ ಗುಂಪಿನಲ್ಲಿ ಮುಂಚಿತವಾಗಿ ತಿಳಿಸಬೇಕೆಂದು 2011ರ ಒಪ್ಪಂದದಲ್ಲಿ ಬರೆದಿದ್ದೇವೆ, ಕಡೂರು ತಿಳಿಸಿಲ್ಲ. ಆರ್‌ಸಿ ಪುಸ್ತಕ ಇರುವುದು ಮೈಸೂರಿನ ಹೆಸರಿನಲ್ಲಿ. ಹುಡುಗ ಯಾರಿಗಾದರೂ ಗುದ್ದಿದ್ದರೆ ನೋಟಿಸು ಬರುತ್ತಿದ್ದುದು ಮೈಸೂರಿನ ಮನೆಗೆ. ಆದ್ದರಿಂದ ಖರ್ಚಿನ ಅರ್ಧವನ್ನು ಕಡೂರು ಭರಿಸಲಿ, ಉಳಿದ ಅರ್ಧವನ್ನು ಐವರೂ ಹಂಚಿಕೊಳ್ಳೋಣ ಎಂದು ಸೂಚಿಸುತ್ತೇನೆ.

(ಬ್ಯಾಂಕಿನಿಂದ ನಿವೃತ್ತನಾದವನು ಯಾವ ಜಗಳವನ್ನೂ ಅರ್ಧಕ್ಕೆ ಇಳಿಸಿಯೇ ಮಾತು ಶುರು ಮಾಡುತ್ತಾನೆ.)

ಪುತ್ತೂರು, 9.30:
ಹದಿನಾಲ್ಕು ವರ್ಷಗಳಿಂದ ನಾನು ವಿಮೆಗೂ ಟೈರಿಗೂ ತಪ್ಪದೆ ಪಾಲು ಕಳಿಸುತ್ತಿದ್ದೇನೆ. ಓಡಿಸಿರುವುದು ಎರಡೇ ಸಲ. ಸೀಜ್ ಆದಾಗ ಮಾತ್ರ ನಾನು ಐವರಲ್ಲಿ ಒಬ್ಬನಾಗುತ್ತೇನೆ. ಇದನ್ನು ವಿಂಟೇಜ್ ವಾಹನವೆಂದು ನೋಂದಾಯಿಸಿ ಯಾರ ಮನೆಯ ಮುಂದಾದರೂ ಚೆಂದವಾಗಿ ನಿಲ್ಲಿಸಬಾರದೇಕೆ? ಓಡಿಸುವವರೇ ಇಲ್ಲದಿದ್ದರೆ ಕೆಡಿಸುವವರೂ ಇರುವುದಿಲ್ಲ.

ಹುಬ್ಬಳ್ಳಿ, 9.41:
ವಿಂಟೇಜ್ ಎನ್ನಿಸಿಕೊಳ್ಳಲು ವಾಹನಕ್ಕೆ 50 ವರ್ಷ ಕಳೆದಿರಬೇಕು ಎಂದು 2021ರ ನಿಯಮ ಹೇಳುತ್ತದೆ. ನಮ್ಮದಕ್ಕೆ 2029ರವರೆಗೆ ಆ ಭಾಗ್ಯವಿಲ್ಲ. ಹಾಗೆ ನೋಂದಾಯಿಸಿದ ಮೇಲೆ ಅದನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತೆಯೂ ಇಲ್ಲ.

ಸಾಗರ, 9.44:
ಓಡಿಸದೆ ಇಟ್ಟುಕೊಳ್ಳುವ ಗಾಡಿ ಹೇಗಿರುತ್ತದೆ ಎಂದು ನನ್ನನ್ನು ಕೇಳಿ, ಹೇಳುತ್ತೇನೆ.

(ಆ ರಾತ್ರಿ ಈ ಮಾತನ್ನು ನಾವು ಯಾರೂ ಸರಿಯಾಗಿ ಓದಲಿಲ್ಲ. ಕಡೂರು ಮರುದಿನವೇ ಗಾಡಿಯನ್ನು ಪಿಕಪ್‌ನಲ್ಲಿ ಹಾಕಿಸಿ, ಮಗನನ್ನೂ ಜೊತೆಗೆ ಕೂರಿಸಿ ಮೈಸೂರಿಗೆ ಕಳಿಸಿದ. ನಮ್ಮ ಮೇಸ್ತ್ರಿ ಯಾದವಗಿರಿಯ ಕಾರ್ಖಾನೆಯಲ್ಲಿ ಇಂಜಿನ್ ಜೋಡಿಸುತ್ತಿದ್ದವರು. ಈಗ ಮನೆಯ ಹಿಂದಿನ ಶೀಟಿನ ಕೆಳಗೆ ಕೂತು ಜಾವಾ, ಯೆಜ್ಡಿಗಳನ್ನು ಮಾತ್ರ ಮುಟ್ಟುತ್ತಾರೆ.)

ಮೈಸೂರು, ಮಂಗಳವಾರ ಸಂಜೆ 6.15:
ಮೇಸ್ತ್ರಿ ನನ್ನ ಎದುರಿಗೇ ಸಿಲಿಂಡರ್ ಬಿಚ್ಚಿದರು. ಪಿಸ್ಟನ್ನಿನ ಮುಂಭಾಗದಲ್ಲಿ, ಎರಡು ಸೈಲೆನ್ಸರುಗಳಿಗೆ ಹೊಗೆ ಹೋಗುವ ಕಡೆ, ಉಗುರಿಗೆ ಸಿಗುವಷ್ಟು ಆಳದ ಉದ್ದ ಗೆರೆಗಳಿವೆ. ಅಲ್ಯೂಮಿನಿಯಂ ಕರಗಿ ಸಿಲಿಂಡರ್ ಗೋಡೆಗೆ ಸವರಿದಂತೆ ಅಂಟಿದೆ. ಎಣ್ಣೆಯಿಲ್ಲದೆ ಓಡಿದ್ದರ ಗುರುತೇ ಇದು, ಅಲ್ಲಿಯವರೆಗೆ ಸಾಗರ ಹೇಳಿದ್ದು ಸರಿ. ಆದರೆ ಹುಡುಗ ಎಣ್ಣೆ ಹಾಕಿರಲಿಲ್ಲ ಎಂಬುದು ಸರಿಯಲ್ಲ. ಅದಕ್ಕೆ ಸಾಕ್ಷಿಯಾಗಿ ಕೆಳಗಿನ ಚಿತ್ರ ನೋಡಿ.

ಮೇಸ್ತ್ರಿ ಟ್ಯಾಂಕಿನಲ್ಲಿ ಉಳಿದಿದ್ದುದನ್ನು ಒಂದು ಗಾಜಿನ ಬಾಟಲಿಗೆ ಬಸಿದು ಕಟ್ಟೆಯ ಮೇಲಿಟ್ಟರು. ಕಾಲು ಗಂಟೆ ಕಳೆಯುವಷ್ಟರಲ್ಲಿ ಅದು ಎರಡು ಪದರವಾಯಿತು. ಮೇಲಿನದು ಆಯಿಲ್‌ನ ನೀಲಿ ಛಾಯೆಯ ಪೆಟ್ರೋಲ್. ಕೆಳಗೆ ಎರಡು ಬೆರಳಿನಷ್ಟು ಬಣ್ಣವೇ ಇಲ್ಲದ ತಿಳಿ ದ್ರವ. ಎಣ್ಣೆ ಹಾಕದೇ ಇದ್ದಿದ್ದರೆ ಮೇಲಿನ ಪದರಕ್ಕೆ ಆ ನೀಲಿ ಎಲ್ಲಿಂದ ಬರಬೇಕು? ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇರುತ್ತದೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಅಲ್ಪಸ್ವಲ್ಪವಾದರೆ ತನ್ನೊಳಗೇ ಇಟ್ಟುಕೊಳ್ಳುತ್ತದೆ, ಮಿತಿ ಮೀರಿದರೆ ನೀರಿನ ಜೊತೆ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ. ನಾವು ಹಾಕಿದ ಆಯಿಲ್ ಪೆಟ್ರೋಲಿನ ಜೊತೆ ಮೇಲೆಯೇ ಉಳಿಯುತ್ತದೆ. ಟೂ ಸ್ಟ್ರೋಕ್ ಇಂಜಿನ್ನಿನ ಪಿಸ್ಟನ್ನಿಗೂ ಕ್ರ್ಯಾಂಕಿನ ಬೇರಿಂಗಿಗೂ ಪೆಟ್ರೋಲಿನ ಜೊತೆ ಬರುವ ಆ ಆಯಿಲ್ ಬಿಟ್ಟರೆ ಬೇರೆ ಗತಿಯಿಲ್ಲ ಎಂಬುದು ನಿಮಗೆಲ್ಲ ಗೊತ್ತಿರುವುದೇ.

ನಾಬು ಸಾಮಾನ್ಯ ಸ್ಥಾನದಲ್ಲಿರುವಾಗ ಟ್ಯಾಂಕಿನೊಳಗಿನ ಕೊಳವೆ ತಳದಿಂದ ಸ್ವಲ್ಪ ಮೇಲಿನ ಪೆಟ್ರೋಲನ್ನು ಎಳೆಯುತ್ತದೆ. ರಿಸರ್ವ್‌ಗೆ ತಿರುಗಿಸಿದರೆ ತಳದ್ದೇ ಬರುತ್ತದೆ. ತಳ ತುಂಬಿ ಕೊಳವೆಯ ಬಾಯಿಗೆ ಬಂದಾಗ ಇಂಜಿನ್ ಮಿಸ್ ಹೊಡೆದಿದೆ. ಹುಡುಗ ಸಹಜವಾಗಿ ರಿಸರ್ವ್‌ಗೆ ಹಾಕಿದ್ದಾನೆ, ಅಲ್ಲಿಂದ ಮುಂದೆ ಇಂಜಿನ್ ಕುಡಿದದ್ದು ಎಣ್ಣೆಯಿಲ್ಲದ ನೀರು ಮಿಶ್ರಿತ ಎಥನಾಲನ್ನು. ಇಷ್ಟು ನೀರು ಎಲ್ಲಿಂದ ಬಂತು ಎಂದು ಕೇಳಿದ್ದಕ್ಕೆ ಮೇಸ್ತ್ರಿ ಮಾತನಾಡದೆ ಟ್ಯಾಂಕಿನ ಮುಚ್ಚಳವನ್ನು ನನ್ನ ಕೈಗಿಟ್ಟರು. ಅದರ ರಬ್ಬರ್ ವಾಷರು ಒಣಗಿದ ಅಡಿಕೆ ಸಿಪ್ಪೆಯಂತೆ ಬಿರುಸಾಗಿ, ಒಂದು ಕಡೆ ಸೀಳಿತ್ತು.

ಕಡೂರು, 6.32:
ಹಾಗಾದರೆ ಮಳೆಗಾಲದ ಮೂರು ತಿಂಗಳು ಅರ್ಧ ಟ್ಯಾಂಕ್ ಪೆಟ್ರೋಲ್ ತುಂಬಿಸಿ, ಸೂರಿನ ನೀರು ತೊಟ್ಟಿಕ್ಕುವ ಕಡೆ ಗಾಡಿ ನಿಲ್ಲಿಸಿದವನು ಯಾರು ಎಂಬುದನ್ನು ನಾನು ಬರೆಯುವುದಿಲ್ಲ. ಪೂರ್ಣ ವಾಕ್ಯದಲ್ಲಿ ಬರೆಯದೇ ಇದ್ದೇನೆ.

(ಎರಡು ಗಂಟೆ ಯಾರೂ ಏನೂ ಬರೆಯಲಿಲ್ಲ. ಸಾಗರ ಬರೆಯುತ್ತಿದ್ದಾನೆ ಎಂದು ಮೇಲ್ಗಡೆ ತೋರಿಸುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ತೋರಿಸುತ್ತಿತ್ತು.)

ಸಾಗರ, 8.40:
ನಿಲ್ಲಿಸಿದವನು ನಾನೇ. ಕೊಟ್ಟಿಗೆಯ ಆ ಮೂಲೆಯಲ್ಲಿ ಎರಡು ಹೆಂಚು ಒಡೆದಿದ್ದವು, ಜುಲೈನಲ್ಲಿ ಅದನ್ನು ನೋಡಿಯೂ ಇದ್ದೆ. ಗೋಣಿ ಹೊದಿಸಿದ್ದೆ, ಗೋಣಿ ನೆನೆದು ಇನ್ನೂ ಕೇಡಾಯಿತೋ ಏನೋ. ಪ್ರತಿ ಭಾನುವಾರ ಐದು ನಿಮಿಷ ಕಿಕ್ ಹೊಡೆದು ಓಡಿಸಿಟ್ಟಿದ್ದೇನೆ. ಮೇಲಿನ ಪೆಟ್ರೋಲು ಒಳ್ಳೆಯದೇ ಇದ್ದುದರಿಂದ ಆಗ ಏನೂ ತಿಳಿಯಲಿಲ್ಲ. ಹುಡುಗನ ಮೇಲೆ ಹೊರಿಸಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, 9,400 ರೂಪಾಯಿಯನ್ನು ನಾನೇ ಕೊಡುತ್ತೇನೆ.

ಆದರೆ ಬರೆಯಲು ಕೂತಿದ್ದೇನಾದ್ದರಿಂದ ಇನ್ನೊಂದನ್ನೂ ಬರೆದುಬಿಡುತ್ತೇನೆ. 2011ರಿಂದ ಇದು ನನ್ನ ಹದಿನೈದನೆಯ ಮಳೆಗಾಲ. ಒಪ್ಪಂದದಲ್ಲಿ ನನಗೆ ಬಂದದ್ದು ಜೂನ್, ಜುಲೈ, ಆಗಸ್ಟ್. ನಮ್ಮ ಕಡೆ ಆ ಮೂರು ತಿಂಗಳು ಅಂಗಳಕ್ಕೆ ಇಳಿಯುವುದಕ್ಕೂ ಕೊಡೆ ಬೇಕು. ಅಡಿಕೆಗೆ ಕೊಳೆ ಬರುವುದೂ, ಬೋರ್ಡೋ ದ್ರಾವಣ ಹೊಡೆಸಲು ಮರ ಹತ್ತುವವರ ಹಿಂದೆ ಅಲೆಯುವುದೂ ಆಗಲೇ. ಹದಿನೈದು ವರ್ಷಗಳಲ್ಲಿ ನಾನು ಈ ಗಾಡಿಯಲ್ಲಿ ಜೋಗಕ್ಕೆ ಹೋಗಿ ಬಂದದ್ದು ನಾಲ್ಕು ಸಲ, ಇರುವುದು 30 ಕಿಲೋಮೀಟರ್. ಉಳಿದ ದಿನ ನಾನು ಅದಕ್ಕೆ ಕಾವಲುಗಾರ. ಮೈಸೂರು ಜನವರಿಯಲ್ಲಿ ಬಿಳಿಗಿರಿರಂಗನ ಬೆಟ್ಟದ ದಾರಿಯ ಚಿತ್ರ ಹಾಕುತ್ತಾನೆ, ನಾನು ಚೆನ್ನಾಗಿದೆ ಎಂದು ಬರೆಯುತ್ತೇನೆ. ಕಡೂರು ಅಕ್ಟೋಬರ್‌ನಲ್ಲಿ ಬಾಬಾಬುಡನ್‌ಗಿರಿಯ ಚಿತ್ರ ಹಾಕುತ್ತಾನೆ, ಅದಕ್ಕೂ ಬರೆಯುತ್ತೇನೆ. ಹುಡುಗನ ಮೇಲೆ ನನಗೆ ಸಿಟ್ಟು ಬಂದದ್ದು ಇಂಜಿನ್ ಸೀಜ್ ಆಗಿದ್ದಕ್ಕಷ್ಟೇ ಅಲ್ಲ; ಮಳೆ ಬಿಟ್ಟ ಮೊದಲ ದಿನವೇ ಅವನು ಅದನ್ನು ನನ್ನ ಅಂಗಳದಿಂದ ಓಡಿಸಿಕೊಂಡು ಹೋದದ್ದಕ್ಕೆ.

ಪುತ್ತೂರು, 8.58:
ಇದನ್ನು ಅನುಮೋದಿಸುತ್ತೇನೆ. ಮಸ್ಕತ್‌ನಲ್ಲಿ ಮಕ್ಕಳ ಶಾಲೆಗೆ ರಜೆ ಬೀಳುತ್ತಿದ್ದುದು ಜುಲೈನಲ್ಲಿ, ಹಾಗಾಗಿ ನನ್ನ ಎರಡು ಸವಾರಿಗಳೂ ಸಾಗರದ ಮಳೆಯಲ್ಲಿಯೇ ಆದವು. ಮಕ್ಕಳು ಈಗ ಶಾಲೆ ಮುಗಿಸಿದ್ದಾರೆ, ಡಿಸೆಂಬರ್‌ನಲ್ಲಿ ಬರಬಲ್ಲೆ. ಈ ಸರದಿಯನ್ನು ಹೀಗೆ ಬರೆದವರು ಯಾರು?

(ಬರೆದವನು ನಾನು. ಹಾಳೆಯ ಚಿತ್ರ ಗುಂಪಿನಲ್ಲಿಯೇ ಇದೆ. ಅದರಲ್ಲಿ ನನ್ನ ಅಕ್ಷರ ದುಂಡಾಗಿ ಕಾಣುತ್ತದೆ.)

ಮೈಸೂರು, 9.20:
ನಾನೇ. ಬಿಡಿಭಾಗಗಳೂ ಮೇಸ್ತ್ರಿಯೂ ಇರುವುದು ಮೈಸೂರಿನಲ್ಲಿ, ಆದ್ದರಿಂದ ವರ್ಷದ ಸರ್ವೀಸು ಚಳಿಗಾಲದಲ್ಲಿ ಇಲ್ಲಿಯೇ ಆಗಲಿ ಎಂಬ ಕಾರಣ ಕೊಟ್ಟಿದ್ದೆ. ಸರ್ವೀಸಿಗೆ ಬೇಕಾಗುವುದು ಎರಡು ದಿನ, ನಾನು ಇಟ್ಟುಕೊಂಡದ್ದು ಮೂರು ತಿಂಗಳು, ಅದೂ ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ. ಎಲ್ಲರಿಗೂ ಮೂರು ತಿಂಗಳು ಎಂದು ಹೇಳಿದಾಗ ಲೆಕ್ಕ ಸಮವಾಗಿ ಕಂಡಿತು, ನೀವು ಯಾರೂ ಪ್ರಶ್ನಿಸಲಿಲ್ಲ, ನಾನೂ ಆ ಲೆಕ್ಕವನ್ನು ಮತ್ತೆ ತೆರೆಯಲಿಲ್ಲ. ವಾಷರ್ ನೋಡಬೇಕಾದವನೂ ನಾನೇ. ಪ್ರತಿ ಫೆಬ್ರವರಿಯಲ್ಲಿ ಸರ್ವೀಸಾಯಿತು ಎಂದು ಬರೆಯುವವನು ನಾನಲ್ಲವೇ? ಸಾಗರ ಒಬ್ಬನೇ ಹಣ ಕೊಡುವುದನ್ನು ನಾನು ಒಪ್ಪುವುದಿಲ್ಲ. ಐವರೂ ತಲಾ 1,880 ರೂಪಾಯಿ ಹಾಕೋಣ.

ಹುಬ್ಬಳ್ಳಿ, 9.35:
ನನಗೆ ಬಂದಿರುವುದು ಮಾರ್ಚ್‌ನಿಂದ ಮೇ. ಹುಬ್ಬಳ್ಳಿಯ ಏಪ್ರಿಲ್ ಬಿಸಿಲಿನಲ್ಲಿ ಆ ಸೀಟಿನ ಮೇಲೆ ಕೂತವನಿಗೆ ಮಾತ್ರ ಅದರ ಕಷ್ಟ ತಿಳಿಯುತ್ತದೆ. ನಾನು ದೂರಿಲ್ಲ, ಆದರೆ ದಾಖಲಾಗಲಿ. ಸರದಿ ಪ್ರತಿ ವರ್ಷವೂ ಒಂದೊಂದು ಋತು ಮುಂದಕ್ಕೆ ಸರಿಯುವಂತೆ ಹೊಸ ಪಟ್ಟಿ ಮಾಡುತ್ತೇನೆ. ಈ ವರ್ಷದ ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಗಾಡಿ ಸಾಗರದಲ್ಲಿರಲಿ, ಪುತ್ತೂರು ಅಲ್ಲಿಗೇ ಬಂದು ಪಡೆಯಲಿ.

ಕಡೂರು, 9.39:
ಮಳೆಗಾಲದಲ್ಲಿ ಅದು ಯಾರ ಸರದಿಯೂ ಆಗುವುದು ಬೇಡ. ಟ್ಯಾಂಕ್ ಪೂರ್ತಿ ಬಸಿದು, ಕಾರ್ಬುರೇಟರ್ ಒಣಗಿಸಿ ಮೈಸೂರಿನ ಮನೆಯಲ್ಲಿ ನಿಲ್ಲಿಸೋಣ. ಖರ್ಚು ಐವರದ್ದೇ ಆಗಲಿ, ನಾನು ಒಪ್ಪಿದೆ. ಆದರೆ ಮುಚ್ಚಳದ ವಾಷರಿನ 40 ರೂಪಾಯಿಯನ್ನು ಮಾತ್ರ ಸಾಗರವೇ ಕೊಡಬೇಕು, ಅದರಲ್ಲಿ ನಾನು ಒಂದು ಪೈಸೆಯನ್ನೂ ಬಿಡುವುದಿಲ್ಲ.

ಸಾಗರ, 9.41:
ಕೊಟ್ಟೆ. ಹುಡುಗನನ್ನು ಈ ಗುಂಪಿಗೆ ಸೇರಿಸಿ, ಅವನ ಹತ್ತಿರ ನಾನು ನೇರವಾಗಿ ಮಾತನಾಡಬೇಕು.

(ಹುಡುಗನನ್ನು ಸೇರಿಸಿದೆವು. ಅವನಿಗೆ ಊರಿನ ಹೆಸರು ಕೊಡುವಂತಿರಲಿಲ್ಲ, ಅದು ಅಪ್ಪನ ಪಾಲಾಗಿದೆ. ಸದ್ಯಕ್ಕೆ ಹುಡುಗ ಎಂದೇ ಇದ್ದಾನೆ. ಸಾಗರ ಕ್ಷಮೆ ಕೇಳಿ ಬರೆದದ್ದು ನಾಲ್ಕು ಸಾಲು. ಅವನ್ನು ಇಲ್ಲಿ ಹಾಕುವುದು ಬೇಡ ಎಂದಿದ್ದಾನೆ.)

ಹುಡುಗ, 10.05:
ಪರವಾಗಿಲ್ಲ ಅಂಕಲ್. ನಾನು ಇಲ್ಲಿ ಮೇಸ್ತ್ರಿಯವರ ಜೊತೆಗೇ ಇದ್ದೇನೆ. ನಾಳೆ ಬೆಳಿಗ್ಗೆ ಸಿಲಿಂಡರನ್ನು ಬೋರಿಗೆ ಕೊಡುತ್ತಾರಂತೆ. ಆ ಬಾಟಲಿಯನ್ನು ಚೆಲ್ಲಬಹುದೇ ಎಂದು ಕೇಳುತ್ತಿದ್ದಾರೆ.

ಸಾಗರ, 10.06:
ಬೇಡ. ನಾನು ಶುಕ್ರವಾರ ಬಂದು ನೋಡುವವರೆಗೆ ಕಟ್ಟೆಯ ಮೇಲೆಯೇ ಇರಲಿ.